ಏಳನೆಯ ವಾಕ್ಯ

ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಹನ್ನೊಂದು ಜನ ಒಟ್ಟಿಗೆ ಕೊಲ್ಲತೊಡಗಿದರು. ಕತಲ, ಅವನು ಕೊಂದ. ಕತಲತ್, ಅವಳು ಕೊಂದಳು. ಕತಲ್ತ, ನೀನು ಕೊಂದೆ. ಮುಂದಿನ ಬೆಂಚಿನ ಹುಡುಗಿ ಕನ್ನಡಕ ಒರೆಸಿಕೊಳ್ಳುತ್ತ ಕೊಂದಳು, ಹಿಂದಿನ ಬೆಂಚಿನವನು ಆಕಳಿಸುತ್ತ ಕೊಂದ. ಪಾಠ ಹೇಳುತ್ತಿದ್ದ ಅವನು ಕೋಲಿನ ತುದಿಯಿಂದ ಕರಿಹಲಗೆಯ ಒಂದೊಂದೇ ಚೌಕವನ್ನು ಕುಟ್ಟುತ್ತ, 'ತುಟಿಯಿಂದಲ್ಲ, ಗಂಟಲಿನ ಬುಡದಿಂದ ಕೊಲ್ರಪ್ಪ, ಹೀಗೆ ಕೊಂದ್ರೆ ಸೊಳ್ಳೆನೂ ಸಾಯಲ್ಲ' ಎಂದ. ತರಗತಿ ನಕ್ಕಿತು. ಪ್ರತಿ ವರ್ಷವೂ ಇದೇ ದಿನ ಇದೇ ಮಾತಿಗೆ ತರಗತಿ ನಗುತ್ತಿತ್ತು. ಅರಬ್ಬಿ, ಹೀಬ್ರೂ ಮತ್ತು ಅವುಗಳ ಅಕ್ಕತಂಗಿಯರ ವ್ಯಾಕರಣ ಬರೆದವರು ಬಹುಕಾಲದಿಂದ ಮಾದರಿಯಾಗಿ ಎತ್ತಿಕೊಂಡು ಬಂದ ಕ್ರಿಯಾಪದ ಇದು. ನಗುವುದಲ್ಲ, ಉಣ್ಣುವುದಲ್ಲ, ಕೊಲ್ಲುವುದು. ಮೂರು ವ್ಯಂಜನಗಳೂ ಗಟ್ಟಿ, ಎಷ್ಟು ತಿರುಚಿದರೂ ಒಂದೂ ಕರಗುವುದಿಲ್ಲ ಎಂದು ಅವನ ಗುರು ಹೇಳುತ್ತಿದ್ದರು. ಎಲ್ಲರೂ ಅವರನ್ನು ಬೇರು ಮೇಷ್ಟ್ರು ಎನ್ನುತ್ತಿದ್ದರು. ಕೈಗೆ ಯಾವ ಮಾತು ಸಿಕ್ಕರೂ ಕೋಳಿಯ ಪುಕ್ಕ ಕಿತ್ತಂತೆ ಸ್ವರಗಳನ್ನೆಲ್ಲ ಕಿತ್ತು, ಉಳಿದ ಮೂರು ಮೂಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, 'ನೋಡು, ಇದು ಬೇರು' ಎನ್ನುವವರು. ಅವರ ಮೂಗಿನ ದನಿಯನ್ನು ಅವನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದನೆಂದರೆ, ಅವರು ನಿವೃತ್ತರಾಗಿ ಹೋದ ಮೇಲೂ ವಿಭಾಗದ ಕ್ಯಾಂಟೀನಿನಲ್ಲಿ ಅವರಿದ್ದೇ ಇದ್ದರು. ಅದಕ್ಕೇ ಅವನಿಗೆ ಗಿಳಿ ಎಂಬ ಹೆಸರು. ಈಗ ವಿಭಾಗದ ಮುಖ್ಯಸ್ಥನಾದ ಮೇಲೆ ಗಿಳಿ ಸರ್.

ಕೊನೆಯ ಚೌಕಕ್ಕೆ ಕೋಲು ಬಂದಾಗ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಕತಲ್ತು, ನಾನು ಕೊಂದೆ, ಎಂದು ಹನ್ನೊಂದು ಜನ ಅವಳ ಮುಖಕ್ಕೇ ಹೇಳಿದರು. ಆಸ್ಪತ್ರೆಯ ಆಯಾಗಳು ತೊಡುವ ನೀಲಿ ಅಂಗಿ, ಫಿನಾಯಿಲಿನ ವಾಸನೆ, ಕಂಕುಳಲ್ಲಿ ಒಂದು ಕಂದು ಲಕೋಟೆ. ಮುಖ ಗುರುತಾಗುವ ಮೊದಲೇ ಆ ಗಲ್ಲದ ಮೂಳೆ ಗುರುತಾಯಿತು. ಹನ್ನೊಂದು ವರ್ಷದ ಕೆಳಗೆ ಅದೇ ಮೂಳೆಯ ಮೇಲೆ ಅವನ ಅಂಗೈ ಬಿದ್ದಿತ್ತು. ಅವಳದರ ಮೇಲಲ್ಲ, ಅವಳ ಅಪ್ಪನದರ ಮೇಲೆ.

'ಸರ್, ನಾನು ಇಸ್ತ್ರಿ ಅಜ್ಜನ ಮಗಳು.'

'ಗೊತ್ತಾಯ್ತಮ್ಮ. ಬಾ, ಕೂತ್ಕೋ. ಅಜ್ಜ ಹೇಗಿದ್ದಾರೆ?'

'ಕೂರೋಕೆ ಟೈಮಿಲ್ಲ ಸರ್. ಹನ್ನೊಂದೂವರೆಗೆ ವಲಸೆ ಕಚೇರೀಲಿ ವಿಚಾರಣೆ. ಅಪ್ಪನ್ನ ನಮ್ಮ ದೇಶಕ್ಕೆ ವಾಪಸ್ ಕಳಿಸ್ತಾರಂತೆ. ಅಲ್ಲಿಗೆ ಕಾಲಿಟ್ಟ ದಿನಾನೇ ನೇಣಿಗೆ ಹಾಕ್ತಾರೆ.' ಅವಳು ಲಕೋಟೆಯಿಂದ ಒಂದು ಹಾಳೆ ತೆಗೆದಳು. ಅವನದೇ ಪುಸ್ತಕದ ನೆರಳಚ್ಚು. 'ನಾವು ಊರು ಬಿಟ್ಟು ಬಂದ ವರ್ಷ, ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ, ನಮ್ಮ ಚಿಕ್ಕಪ್ಪನ್ನ ಯಾರೋ ಕೊಡಲೀಲಿ ಕಡಿದು ಬಾವಿಗೆ ಹಾಕಿದ್ರಂತೆ. ಹೆಣ ಸಿಕ್ಕಿದ್ದು ಆಮೇಲೆ, ನಮಗೆ ಗೊತ್ತಾಗಿದ್ದು ಇನ್ನೂ ಆಮೇಲೆ. ಈಗ ಅಲ್ಲಿಯವರು ಅಪ್ಪನ ಮೇಲೆ ಹಾಕಿದ್ದಾರೆ. ಸಾಕ್ಷಿ ಏನು ಅಂದ್ರೆ ಇದು. ಪುಟ ಇನ್ನೂರ ಹನ್ನೆರಡು, ಏಳನೇ ವಾಕ್ಯ.'

ಅವನಿಗೆ ಓದುವ ಅಗತ್ಯವಿರಲಿಲ್ಲ. ಅಡಿಯಲ್ಲಿ ಅನುವಾದ, ಪಕ್ಕದಲ್ಲಿ ಹೇಳಿದವನ ಹೆಸರಿನ ಮೊದಲಕ್ಷರ. ನಾನು ನನ್ನ ತಮ್ಮನನ್ನು ಕೊಂದೆ.

'ಪುಸ್ತಕದ ಜೊತೆಗಿನ ಟೇಪೂ ಇದೆ ಸರ್. ಹೋದ ತಿಂಗಳು ಅಪ್ಪನಿಗೆ ಮೂರು ಸಲ ಕೇಳಿಸಿದ್ರು. ಅಪ್ಪ ಏನಂದ ಗೊತ್ತಾ? ನನ್ನ ದನೀನೇ, ನನ್ನ ದನಿ ಹೇಳಿದ ಮೇಲೆ ನಾನೇ ಹೇಳಿರಬೇಕು ಅಂದ. ಅವತ್ತಿಂದ ಅನ್ನ ನೀರು ಸರಿಯಾಗಿ ಮುಟ್ಟಿಲ್ಲ. ನೀವು ಬಂದು ಒಂದು ಮಾತು ಹೇಳಿ ಸಾಕು. ಅದು ಪಾಠಕ್ಕೆ ಕೇಳಿದ್ದು, ನೀವು ಹೇಳಿಸಿದ್ದು, ನಿಜವಾಗಿ ನಡೆದದ್ದಲ್ಲ ಅಂತ.'

ಅದೊಂದು ಮಾತೇ ಸಾಕು ಎನ್ನುವುದು ಕಿವಿಗೆ ಬಿದ್ದ ಕೂಡಲೇ ಅವನೊಳಗೆ ಏನೋ ಹಗುರಾಯಿತು, ಹಗುರಾದದ್ದಕ್ಕೇ ಅಸಹ್ಯವೂ ಆಯಿತು. ಅರ್ಧ ಸತ್ಯದಲ್ಲಿ ಪೂರ್ತಿ ಮನುಷ್ಯನನ್ನು ಉಳಿಸಬಹುದಾದರೆ ಉಳಿದ ಅರ್ಧವನ್ನು ಯಾರು ಕೇಳುತ್ತಾರೆ? 'ಬರ್ತೀನಮ್ಮ, ಖಂಡಿತ ಬರ್ತೀನಿ' ಎಂದ. ಎಂದದ್ದು ಯಾರದೋ ದನಿಯಲ್ಲಿತ್ತು. ಸಮಾಧಾನ ಹೇಳುವ ಯಾವುದೋ ವೈದ್ಯನದಿರಬೇಕು.

ಕಚೇರಿ ನಡೆದು ಹೋಗುವಷ್ಟೇ ದೂರ. ಅವಳು ಎರಡು ಹೆಜ್ಜೆ ಮುಂದೆ, ಅವನು ಹಿಂದೆ. ಮೂಲೆಯ ಮಾಂಸದಂಗಡಿಯಲ್ಲಿ ಕತ್ತಿ ಹಲಗೆಗೆ ಬೀಳುತ್ತಿತ್ತು. ಪ್ರತಿ ಏಟಿಗೂ ಕಟುಕ 'ಹ್ಞ' ಎಂದು ಉಸಿರು ಬಿಡುತ್ತಿದ್ದ. ಬೇರೆ ದಿನವಾಗಿದ್ದರೆ ಆ 'ಹ್ಞ'ವನ್ನು ಅವನು ಜೇಬಿಗೆ ಹಾಕಿಕೊಂಡು ಹೋಗಿ ಕ್ಯಾಂಟೀನಿನಲ್ಲಿ ಬಿಚ್ಚುತ್ತಿದ್ದ. ಅಂಗಡಿಯ ಕೊಕ್ಕೆಗೆ ಉದ್ದನೆಯ ನಾಲಿಗೆಯೊಂದು ನೇತುಬಿದ್ದಿತ್ತು. ಲಿಸಾನ್, ಲಾಶೋನ್, ಲಿಶಾನು ಎಂದು ತಲೆ ತನ್ನಷ್ಟಕ್ಕೆ ಜಪಿಸಿತು. ಮೊದಲನೆಯದು ಅರಬ್ಬಿ, ಎರಡನೆಯದು ಹೀಬ್ರೂ, ಮೂರನೆಯದು ಜೇಡಿಮಣ್ಣಿನ ಹಲಗೆಗಳ ಮೇಲಷ್ಟೇ ಉಳಿದ ಅಕ್ಕಾಡಿಯನ್. ಮರಳುಗಾಡಿನಾಚೆಯ ದೂರದ ದಾಯಾದಿ ಭಾಷೆಗಳಲ್ಲೂ ನಾಲಿಗೆಗೆ ಹೆಚ್ಚುಕಡಿಮೆ ಅದೇ ಮೂಳೆಗಳು. ಆಸ್ತಿ ಪಾಲಾಗಿ ಸಾವಿರಾರು ವರ್ಷವಾದರೂ ನಾಲಿಗೆ ಮಾತ್ರ ಪಾಲಾಗಿಲ್ಲ ಎಂದು ಅವನು ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ತಮ್ಮನೂ ಹಾಗೆಯೇ: ಅಖ್, ಆಖ್, ಅಹು. ಅದಕ್ಕೇ ಬೇರು ಮೇಷ್ಟ್ರು ಅವನ ಆ ಮಹಾಗ್ರಂಥಕ್ಕೆ ಒಂದೇ ಮಾದರಿ ವಾಕ್ಯ ಹಾಕಿಕೊಟ್ಟಿದ್ದರು. ಕುಟುಂಬದ ಎಲ್ಲ ಭಾಷೆಗಳಲ್ಲೂ, ಎಲ್ಲ ಪುರುಷಗಳಲ್ಲೂ, ಇಂಥವನು ತನ್ನ ತಮ್ಮನನ್ನು ಕೊಂದ. ಒಂದೇ ಏಟಿಗೆ ಎರಡು ಹಳೆಯ ಬೇರು. ಗೋಡೆಯಗಲದ ಪಟ್ಟಿಯಲ್ಲಿ ಅಡ್ಡಕ್ಕೆ ಭಾಷೆಗಳು, ಉದ್ದಕ್ಕೆ ನಾನು ನೀನು ಅವನು ಅವಳು. ಯಾರ ಬಾಯಿಂದಲೂ ಕೇಳದೆ ತಜ್ಞರು ಊಹಿಸಿದ ರೂಪವಾದರೆ ಅದರ ತಲೆಯ ಮೇಲೊಂದು ಸಣ್ಣ ನಕ್ಷತ್ರ. ಆ ನಕ್ಷತ್ರವೇ ಅವರ ಇಡೀ ವೃತ್ತಿಯ ಮಾನ. ಕಂಡದ್ದು ಬೇರೆ, ಕಟ್ಟಿದ್ದು ಬೇರೆ ಎಂದು ಒಪ್ಪಿಕೊಳ್ಳುವ ಒಂದು ಚುಕ್ಕೆ.

ಈ ಮುದುಕ ಸಿಕ್ಕಿದ್ದು ಆಗ, ಹನ್ನೊಂದು ವರ್ಷದ ಕೆಳಗೆ. ಎಲ್ಲೋ ಗುಡ್ಡಗಳ ನಡುವೆ ಕುರಿ ಕಾಯುವ ನಾಲ್ಕು ಹಳ್ಳಿಗಳ ಭಾಷೆ, ಅದಕ್ಕೊಂದು ಲಿಪಿಯಿಲ್ಲ, ಒಂದು ಪುಸ್ತಕವಿಲ್ಲ. ಆ ಭಾಷೆ ಸಂಸ್ಥೆಯ ಹಿಂದಿನ ಬೀದಿಯ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ತಿಕ್ಕುತ್ತ ನಿಂತಿತ್ತು. ಯುದ್ಧದಿಂದ ಓಡಿ ಬಂದವನು. ಅವನು ಅಜ್ಜ ಅಂದ, ಮುದುಕ ಮಗಾ ಅಂದ. ಧ್ವನಿಮುದ್ರಣದ ಕೋಣೆಗೆ ಬಂದ ಮೊದಲ ದಿನ ಮೈಕಿನ ಸ್ಪಂಜನ್ನು ಮುಟ್ಟಿ ನೋಡಿ, ಕುರಿಮರಿಯ ತಲೆಯ ಹಾಗಿದೆ ಎಂದು ನಕ್ಕಿದ್ದ. ಮೂರು ದಿನ ಎಲ್ಲ ಹೇಳಿದ: ನೀರು, ರಕ್ತ, ನಾಲಿಗೆ, ಕುಡಿದ, ಹೋದ, ಕೊಂದ. 'ಅವನು ತನ್ನ ತಮ್ಮನನ್ನು ಕೊಂದ' ಎಂದಾಗ ಪಕ್ಕಕ್ಕೆ ತಿರುಗಿ ನೆಲಕ್ಕೆ ಉಗುಳಿದ. 'ನೀನು ನಿನ್ನ ತಮ್ಮನನ್ನು ಕೊಂದೆ' ಎಂದಾಗ ಎರಡು ಸಲ ಉಗುಳಿದ. ನಾಲ್ಕನೆಯ ದಿನ ಕೊನೆಯ ಚೌಕಕ್ಕೆ ಬಾಯಿ ಮುಚ್ಚಿದ.

'ಅದು ಮಾತ್ರ ಬೇಡ ಮಗಾ. ನನಗೆ ಒಬ್ಬನೇ ತಮ್ಮ. ಇದಾನೋ ಇಲ್ವೋ ಗೊತ್ತಿಲ್ಲ. ಗೊತ್ತಿಲ್ಲದೆ ಇರುವಾಗ ಬಾಯಲ್ಲಿ ಕೊಲ್ಲಬಾರದು. ನಮ್ಮ ಕಡೆ ಬಾಯಿಂದ ಬಿದ್ದದ್ದು ನೆಲಕ್ಕೆ ಬೀಳಲ್ಲ, ನೆತ್ತಿಗೇ ಬೀಳುತ್ತೆ.'

'ಅಜ್ಜ, ಇದು ಬರೀ ಮಾತು. ಪಾಠ.'

'ಪಾಠ ಆದ್ರೆ ನೀನೇ ಹೇಳು. ನಿನಗೆ ಎಲ್ಲರ ದನಿಯೂ ಬರುತ್ತಲ್ಲ. ಕ್ಯಾಂಟೀನಿನಲ್ಲಿ ನನ್ನ ಹಾಗೆ ಮಾತಾಡಿ ಎಲ್ಲರನ್ನೂ ನಗಿಸ್ತಿದ್ದೆ. ಇಸ್ತ್ರಿ ಬಟ್ಟೆ ಕೊಡೋಕೆ ಬಂದಾಗ ಕಿಟಕಿ ಹತ್ತಿರ ನಿಂತು ಕೇಳಿದೆ. ಚೆನ್ನಾಗಿ ಬರುತ್ತೆ ನಿನಗೆ.'

ಮುದುಕ ಕೋಪ ಮಾಡಿಕೊಂಡು ಹೇಳಿರಲಿಲ್ಲ. ಮೆಚ್ಚಿಕೊಂಡೇ ಹೇಳಿದ್ದ. ಅದನ್ನು ತಡೆಯಲಾಗಲಿಲ್ಲ ಅವನಿಗೆ. ಕೈ ಯಾವಾಗ ಎದ್ದಿತೋ ತಿಳಿಯಲಿಲ್ಲ. ನುಣ್ಣಗೆ ಸ್ಪಂಜು ಮೆತ್ತಿದ ಆ ಕೋಣೆಯಲ್ಲಿ ಏಟಿಗೆ ಪ್ರತಿಧ್ವನಿ ಕೂಡ ಇರಲಿಲ್ಲ. ಚಾಪೆಯ ಮೇಲೆ ತೆಂಗಿನಕಾಯಿ ಬಿದ್ದಂತೆ ಒಂದು ಸತ್ತ ಸದ್ದು. ಉಂಗುರ ತಗಲಿ ಮುದುಕನ ಕೆಳತುಟಿ ಸೀಳಿತು. ಒಂದು ಕಡೆಯ ಗಲ್ಲ ಊದಿತು. ಅಜ್ಜ ಬೈಯಲಿಲ್ಲ, ಅಳಲೂ ಇಲ್ಲ. ಊದಿದ ತುಟಿಯೊಳಗಿಂದ, ಗಂಟಲಿನಲ್ಲಿ ಏನೋ ಸಿಕ್ಕಿಬಿದ್ದಂಥ ದನಿಯಲ್ಲಿ, ತನ್ನ ಭಾಷೆಯಲ್ಲೇ ನೀರು ಕೇಳಿದ. ಕುಡಿದು, ಲೋಟ ತೊಳೆದಿಟ್ಟು, ಹೋದ. ಆಮೇಲೆ ಬರಲೇ ಇಲ್ಲ. ಅವತ್ತೇ ಬೇರು ಮೇಷ್ಟ್ರು ಫೋನಿನಲ್ಲಿ, 'ಖಾಲಿ ಚೌಕ ಇಟ್ಕೊಂಡು ನನ್ನ ಮುಂದೆ ಬರಬೇಡಯ್ಯ, ಮುಂದಿನ ಹಲ್ಲು ಬಿದ್ದ ಹಾಗೆ ಕಾಣುತ್ತೆ' ಎಂದರು. ನಕ್ಷತ್ರ ಹಾಕಬಹುದಿತ್ತು. ಹಾಕಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದರು, ಮುದುಕನನ್ನು ಕರೆಸಿ ಎನ್ನುತ್ತಿದ್ದರು, ಮುದುಕ ತುಟಿ ತೋರಿಸುತ್ತಿದ್ದ. ಉಳಿದ ಚೌಕಗಳಿಂದ ಲೆಕ್ಕ ಹಾಕಿದರೆ ರೂಪ ಯಾವುದೆಂದು ಎಳೆಮಗುವೂ ಹೇಳಬಹುದಿತ್ತು. ರೂಪ ಸರಿಯಿದ್ದ ಮೇಲೆ ಯಾರ ಬಾಯಿಂದ ಬಂದರೇನು? ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಮೈಕನ್ನು ಹತ್ತಿರಕ್ಕೆಳೆದು, ಮುದುಕನ ದನಿಯಲ್ಲಿ ಅವನೇ ಹೇಳಿದ. ಒಂದೇ ಸಲಕ್ಕೆ ಬಂತು. ಟೇಪು ತಿರುಗಿಸಿ ಕೇಳಿದಾಗ ಅವನ ಮೈಯೆಲ್ಲ ಜುಮ್ಮೆಂದಿತು. ಭಯಕ್ಕಲ್ಲ, ಹೆಮ್ಮೆಗೆ.

'ನಿಮ್ಮ ಸ್ವಂತ ದನಿ ಯಾವುದು ಅಂತ ಮದುವೆಯಾಗಿ ಹದಿನೆಂಟು ವರ್ಷ ಆದ್ರೂ ನನಗೆ ಗೊತ್ತಾಗಿಲ್ಲ ರೀ' ಎಂದು ಹೆಂಡತಿ ಇವತ್ತು ಬೆಳಿಗ್ಗೆ ತಾನೇ ನಕ್ಕಿದ್ದಳು. ಅದಕ್ಕೆ ಅವನು ಅವಳ ಅಣ್ಣನ ದನಿಯಲ್ಲಿ ಉತ್ತರ ಕೊಟ್ಟಿದ್ದ.

ವಿಚಾರಣೆಯ ಕೋಣೆಯಲ್ಲಿ ಒಂದು ಕಬ್ಬಿಣದ ಮೇಜು, ಐದು ಕುರ್ಚಿ, ಸದ್ದು ಮಾಡುವ ಫ್ಯಾನು. ಅಧಿಕಾರಿ ತೆಳ್ಳಗಿನ ಮನುಷ್ಯ, ನೆಗಡಿಯಾಗಿತ್ತು. ಪಕ್ಕದಲ್ಲಿ ಬೆರಳಚ್ಚು ಮಾಡಲು ಒಬ್ಬ ಗುಮಾಸ್ತ. ಮುದುಕ ಗೋಡೆಯ ಕಡೆ ಕುಳಿತಿದ್ದ, ತೊಡೆಯ ಮೇಲೆ ಅಂಗೈಗಳನ್ನು ಮಗುಚಿ ಇಟ್ಟುಕೊಂಡು. ಇಸ್ತ್ರಿಯ ಸುಟ್ಟ ಗಾಯಗಳು ಬಿಳಿಯ ಗೆರೆಗಳಾಗಿದ್ದವು. ಒಳಗೆ ಬಂದವನನ್ನು ನೋಡಿ ಗುರುತು ಹಿಡಿದು, 'ದಪ್ಪ ಆಗಿದ್ದೀಯ ಮಗಾ' ಎಂದ. ಅಷ್ಟೇ. ಮಗಳು ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಳು.

ಅವನು ಹೇಳಬೇಕಾದದ್ದನ್ನು ಹೇಳಿದ. ಭಾಷಾಶಾಸ್ತ್ರದಲ್ಲಿ ಹೀಗೆ ವಾಕ್ಯ ಕೊಟ್ಟು ಹೇಳಿಸುವುದು ರೂಢಿ, ಅದೇ ಪುಟದಲ್ಲಿ ಬೇರೆ ಭಾಷೆಗಳವರೂ ತಮ್ಮ ತಮ್ಮಂದಿರನ್ನು ಕೊಂದಿದ್ದಾರೆ, ಹಾಗೆ ನೋಡಿದರೆ ಇಡೀ ಕುಟುಂಬವನ್ನೇ ಜೈಲಿಗೆ ಹಾಕಬೇಕಾಗುತ್ತದೆ. ಗುಮಾಸ್ತ ಕಿಸಕ್ಕೆಂದ. ಅಧಿಕಾರಿಯೂ ಮೂಗು ಒರೆಸಿಕೊಳ್ಳುತ್ತ ಸ್ವಲ್ಪ ನಕ್ಕ.

'ನಾನೂ ಮೊದಲು ಹಾಗೇ ಅಂದ್ಕೊಂಡೆ ಸಾರ್. ಓದಿದ್ರೆ ನೀವು ಹೇಳೋದು ಸರಿ. ಆದರೆ ಕೇಳಿ.' ಟೇಪಿನ ಗುಂಡಿ ಒತ್ತಿದ. ಅವನು ಕುಡಿದ, ನೀನು ಹೋದೆ, ಅವಳು ತಂದಳು ಎಂದು ಮುದುಕನ ದನಿ ಕುರಿ ಎಣಿಸಿದ ಹಾಗೆ ಹೇಳಿಕೊಂಡು ಹೋಯಿತು. ಆಮೇಲೆ ಏಳನೆಯದು. ಅದು ಬೇರೆಯೇ ಇತ್ತು. ದಪ್ಪಗೆ, ಹಸಿಯಾಗಿ, ತಮ್ಮ ಎನ್ನುವಲ್ಲಿ ಒಂದು ಬಿಕ್ಕು ಮೇಲೆದ್ದು ಗಂಟಲಿಗೆ ತಗಲಿಕೊಂಡು, ಕೊಂದೆ ಎನ್ನುವಲ್ಲಿ ಸೀಳಿತು. ಮುದುಕ ಕಣ್ಣು ಮುಚ್ಚಿದ. 'ಪಾಠ ಒಪ್ಪಿಸೋನು ಹೀಗೆ ಒಪ್ಪಿಸ್ತಾನಾ ಸಾರ್? ನಾನು ಇಪ್ಪತ್ತು ವರ್ಷದಿಂದ ಜನರ ಮಾತು ಕೇಳ್ತಾ ಇದೀನಿ. ಇದು ಮಾಡಿದವನ ದನಿ.'

ಮಾಡಿದವನ ದನಿ. ಹೌದು, ಎಂದು ಅವನು ಅಂದುಕೊಂಡ. ಆ ಬಿಕ್ಕು ಬೇಕೆಂದು ಯಾರೂ ಕೇಳಿರಲಿಲ್ಲ, ಪಟ್ಟಿಗೆ ಬೇಕಾಗಿರಲಿಲ್ಲ, ಬೇರು ಮೇಷ್ಟ್ರಿಗೂ ಬೇಕಾಗಿರಲಿಲ್ಲ. ಚಪ್ಪಟೆಯಾಗಿ ಹೇಳಿ ಮುಗಿಸಿದ್ದರೆ ಇವತ್ತು ನಗೆಯಾಡಿ ಎದ್ದು ಹೋಗಬಹುದಿತ್ತು. ಏಟು ತಿಂದ ಬಾಯಿ ಹೇಗಿರುತ್ತದೆಂದು ಅವತ್ತಷ್ಟೇ ಹತ್ತಿರದಿಂದ ಕೇಳಿದ್ದ ಕಿವಿ ಬಿಡಲಿಲ್ಲ. ಕಲೆ ಎಂದು ಹಾಕಿದ್ದ. ಉರುಳಿಗೆ ಎಣ್ಣೆ ಸವರಿ ನುಣ್ಣಗೆ ಮಾಡಿಕೊಟ್ಟ ಹಾಗೆ.

'ಅದು ನನ್ನ ದನಿ' ಎಂದ.

ಅವನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಖಾಲಿ ಚೌಕ, ನಕ್ಷತ್ರ, ಮೈಕು. ಕಪಾಳದ ವಿಷಯ ಬಂದಾಗ ಮಾತು ತಾನಾಗಿ ಕಿರಿದಾಯಿತು, ಸ್ವಲ್ಪ ಮಾತಿಗೆ ಮಾತು ಬೆಳೆಯಿತು ಎಂದಷ್ಟೇ ಹೊರಬಂತು. ಅಧಿಕಾರಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. 'ದೊಡ್ಡ ಮನಸ್ಸು ಸಾರ್ ನಿಮ್ಮದು. ಒಬ್ಬ ಬಡಪಾಯಿಯನ್ನ ಉಳಿಸೋಕೆ ಸ್ವಂತ ಪುಸ್ತಕಕ್ಕೇ ಮಸಿ ಬಳಿದುಕೊಳ್ತೀರಿ. ಆದರೆ ನಾನು ನಂಬಬೇಕಲ್ಲ? ಸರಿ, ಈಗ ಹೇಳಿ ನೋಡೋಣ.'

ಅವನು ಗಂಟಲು ಸರಿಮಾಡಿಕೊಂಡ. ಎಷ್ಟು ಸಭೆ, ಎಷ್ಟು ಮದುವೆಮನೆ, ಎಷ್ಟು ಕ್ಯಾಂಟೀನು ಕಂಡ ಗಂಟಲು. ಬಾಯಿ ತೆರೆದ, ವಾಕ್ಯ ಬಂತು, ಮೂಗಿನಿಂದ, ಬೇರು ಮೇಷ್ಟ್ರ ದನಿಯಲ್ಲಿ. ಕೆಮ್ಮಿ ಮತ್ತೆ ಹೇಳಿದ. ಹೆಂಡತಿಯ ಅಣ್ಣ ಬಂದ. ಮೂರನೆಯ ಸಲ ಕಟುಕನ 'ಹ್ಞ' ಬಂತು. ಗುಮಾಸ್ತ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಭುಜ ಕುಣಿಸುತ್ತಿದ್ದ. ಇಡೀ ಊರೇ ಅವನ ಗಂಟಲಲ್ಲಿ ಕಿಕ್ಕಿರಿದು ನಿಂತು ಒಬ್ಬ ಮುದುಕನಿಗೆ ಮಾತ್ರ ದಾರಿ ಬಿಡುತ್ತಿರಲಿಲ್ಲ. ಅಧಿಕಾರಿ ಕಡತದ ದಾರ ಎಳೆದು ಕಟ್ಟತೊಡಗಿದ. ಮಗಳು ಕಿಟಕಿಯ ಸರಳು ಹಿಡಿದುಕೊಂಡು ಹಣೆಯನ್ನು ಅದಕ್ಕೆ ಆನಿಸಿದಳು.

'ಅಜ್ಜ, ಹೊಡಿ ನನಗೆ' ಎಂದ. 'ಅವತ್ತು ನಾನು ಹೊಡೆದ ಹಾಗೆ. ಬಾಯಿ ಮೇಲೆ.'

ಮುದುಕ ತನ್ನ ಮಗುಚಿದ ಅಂಗೈಗಳನ್ನೇ ನೋಡುತ್ತ ಕೂತಿದ್ದ. 'ನಿನ್ನನ್ನ ಹೊಡೆದು ನನಗೇನಾಗಬೇಕು?'

ಆಗ ಅವನು ಮೇಜಿನ ಎರಡೂ ಅಂಚುಗಳನ್ನು ಹಿಡಿದುಕೊಂಡ. ಸರಿಯಾಗಿ ಹಿಡಿದುಕೊಂಡು, ಪಾಠಕ್ಕೆ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತು, ಮುಖವನ್ನು ಕಬ್ಬಿಣದ ಮೇಲೆ ಬಡಿದ. ಗುಮಾಸ್ತ 'ಅಯ್ಯಯ್ಯೋ' ಎಂದು ಕುರ್ಚಿ ಕೆಡವಿ ಎದ್ದ. ಎರಡನೆಯ ಸಲಕ್ಕೆ ತುಟಿ ಸೀಳಿತು, ಒಂದು ಹಲ್ಲು ಸಡಿಲಾಗಿ ನಾಲಿಗೆಗೆ ಸಿಕ್ಕಿತು. ಮೂರನೆಯ ಏಟಿನ ಹೊತ್ತಿಗೆ ಅಧಿಕಾರಿ ಅವನ ಕೊರಳಪಟ್ಟಿ ಹಿಡಿದೆಳೆದಿದ್ದ. ಬಾಯಿ ತುಂಬ ಉಪ್ಪು, ಬಿಸಿ. ಒಂದು ಕಡೆಯ ಗಲ್ಲ ಊದುತ್ತಿರುವುದು ಅವನಿಗೇ ತಿಳಿಯುತ್ತಿತ್ತು. ನುಂಗಿದ. ನುಂಗಿದ್ದು ಗಂಟಲಲ್ಲಿ ನಿಂತಿತು. ಅದು ನಿಂತ ಜಾಗ ಅವನಿಗೆ ಗೊತ್ತಿತ್ತು. ಅಲ್ಲಿಂದಲೇ, ಎಲ್ಲೋ ಗುಡ್ಡಗಳ ನಡುವಿನ ಆ ಭಾಷೆಯಲ್ಲಿ, ಅವನು ಏಳನೆಯ ವಾಕ್ಯವನ್ನು ಹೇಳಿದ.

'ಅಪ್ಪಾ, ಬೇಡಪ್ಪಾ! ಹೇಳಬೇಡ!'

ಮಗಳು ಕಿಟಕಿಯಿಂದ ತಿರುಗಿ ಓಡಿಬಂದು ಮುದುಕನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿದ್ದಳು. ಮುಚ್ಚಿದ ಮೇಲೆ ಅವಳಿಗೆ ತಿಳಿಯಿತು, ಆ ತುಟಿಗಳು ಮೊದಲೇ ಮುಚ್ಚಿದ್ದವು ಎಂದು. ಕೈ ಹಾಗೆಯೇ ಇತ್ತು. ಅಧಿಕಾರಿ ಅವಳ ಬೆರಳುಗಳನ್ನು ನೋಡಿದ, ಮೇಜಿನ ಈ ಕಡೆ ರಕ್ತ ಸೋರುತ್ತಿದ್ದ ಬಾಯಿಯನ್ನು ನೋಡಿದ, ಮತ್ತೆ ಆ ಬೆರಳುಗಳನ್ನು ನೋಡಿದ. ಕಟ್ಟಿದ ಕಡತವನ್ನು ಮತ್ತೆ ಬಿಚ್ಚಿ, 'ಬರ್ಕೊಳ್ರಿ' ಎಂದು ಗುಮಾಸ್ತನಿಗೆ ಹೇಳಿದ. 'ಧ್ವನಿಮುದ್ರಣ ಈ ಅರ್ಜಿದಾರನದಲ್ಲ. ಸಾಕ್ಷ್ಯದಿಂದ ಕೈಬಿಟ್ಟಿದೆ. ಬೇರೆ ಸಾಕ್ಷ್ಯ ಇಲ್ಲ.' ಆಮೇಲೆ ಅವನ ಕಡೆ ತಿರುಗಿ, ಸಾರ್ ಎನ್ನದೆ, 'ಹೇಳಿದವನ ಹೆಸರು ಪೂರ್ತಿ ಹೇಳ್ರಿ, ಮೊದಲಕ್ಷರ ಬೇಡ' ಎಂದ.

ಅವನು ಹೇಳಿದ. ಊದಿದ ಬಾಯಿಯಿಂದ ತನ್ನ ಹೆಸರು ತನಗೇ ಅರ್ಥವಾಗಲಿಲ್ಲ. ಗುಮಾಸ್ತ ಎರಡು ಸಲ ಕೇಳಿಸಿಕೊಂಡು ಕುಟ್ಟಿದ. 'ಅದೇ ಬಾಯಲ್ಲಿ ಇನ್ನೊಂದನ್ನೂ ಬರೆಸ್ಕೊಳ್ಳಿ' ಎಂದ ಅವನು. 'ಇವರಿಗೆ ನಾನು ಹೊಡೆದೆ. ಮಾತಿಗೆ ಮಾತು ಬೆಳೀಲಿಲ್ಲ. ಇವರು ನನ್ನನ್ನ ಹೊಗಳಿದ್ರು, ನಾನು ಹೊಡೆದೆ.' ಅಧಿಕಾರಿ ತಲೆಯೆತ್ತಲಿಲ್ಲ. 'ಅದು ಈ ಅರ್ಜಿಗೆ ಸಂಬಂಧಪಡಲ್ಲ' ಎಂದ.

ಮುದುಕ ಎದ್ದ. ಮಗಳ ಕೈಯನ್ನು ಮೆಲ್ಲಗೆ ಬಾಯಿಂದ ತೆಗೆದು ಮೇಜನ್ನು ಬಳಸಿ ಹತ್ತಿರ ಬಂದ. ಗಂಜಿ ಹಾಕಿದ ಬಟ್ಟೆ ಬಿಸಿಯಾದಾಗಿನ ವಾಸನೆ ಹನ್ನೊಂದು ವರ್ಷದ ಮೇಲೂ ಅವನ ಮೈಮೇಲಿತ್ತು. ಎದುರಿಗೆ ನಿಂತು ಆ ತುಟಿಯನ್ನು, ಊದಿದ ಗಲ್ಲವನ್ನು, ತನ್ನದೇ ಹಳೆಯ ಮುಖವನ್ನು ಕನ್ನಡಿಯಲ್ಲಿ ನೋಡುವ ಹಾಗೆ ನೋಡಿದ. 'ನನ್ನ ತಮ್ಮನ್ನ ನಾನು ಹೇಳಿ ಕೊಂದೆ ಅಂದ್ಕೊಂಡಿದ್ದೆ ಮಗಾ' ಎಂದ. 'ಒಂದು ತಿಂಗಳಿಂದ.' ಬಲಗೈ ಮೇಲೆದ್ದಿತು. ಅವನು ಕಣ್ಣು ಮುಚ್ಚಿ ಮುಖವನ್ನು ಮುಂದಕ್ಕೆ ಒಡ್ಡಿದ. ಬರಲಿ. ಇದೊಂದು ಬಂದುಬಿಟ್ಟರೆ ಚೌಕ ತುಂಬುತ್ತದೆ, ಪುಟ ಮುಗಿಯುತ್ತದೆ, ತನ್ನ ದನಿ ಯಾವುದಿದೆಯೋ ಅದು ಆ ಏಟಿಗಾದರೂ ಹೊರಗೆ ಬೀಳುತ್ತದೆ. ಒಡ್ಡಿಕೊಂಡು ನಿಂತ. ಬೆರಳಚ್ಚಿನ ಸದ್ದು ಕೇಳಿಸಿತು. ಮುದುಕ ಅದೇ ಕೈಯಿಂದ ತನ್ನ ಮೂಗಿನ ಕೆಳಗಿನ ಬೆವರು ಒರೆಸಿಕೊಂಡ ಸದ್ದು ಕೇಳಿಸಿತು. 'ನಡಿಯಮ್ಮ, ಅಂಗಡೀಲಿ ಇಸ್ತ್ರಿ ಬಿಸಿಗಿಟ್ಟು ಬಂದೀನಿ' ಎಂಬುದು ಕೇಳಿಸಿತು, ಚಪ್ಪಲಿಗಳು ಬಾಗಿಲ ಕಡೆ ಹೋದದ್ದು, ಮೆಟ್ಟಿಲಿಳಿದದ್ದು, ಕೆಳಗೆ ಬೀದಿ ಅವರನ್ನು ತನ್ನೊಳಗೆ ತೆಗೆದುಕೊಂಡದ್ದು.

'ಕೂತ್ಕೊಳ್ರಿ' ಎಂದ ಅಧಿಕಾರಿ.

ಅವನು ಕಣ್ಣು ತೆರೆಯಲಿಲ್ಲ. ಮುಖ ಇನ್ನೂ ಮುಂದಕ್ಕೇ ಇತ್ತು.